ಕ್ಲೋರಿನ್‌ಗೆ ಜಾತಿ ಗೊತ್ತಿಲ್ಲ, ಪೈಪಿಗೆ ಗೊತ್ತು



ನೀರು ಯಾವುದರಿಂದ ಕೆಡುತ್ತದೆ? ಈ ದೇಶದಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಒಂದು ಜಾತಿಯದು, ಇನ್ನೊಂದು ವಿಜ್ಞಾನದ್ದು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಕೆರೆ ಮೈಲಿಗೆಯಾಯ್ತು ಅಂತ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ಕಲಸಿದ 108 ಕೊಡ ನೀರು ಸುರಿದು, ಮಂತ್ರ ಹೇಳಿಸಿ 'ಶುದ್ಧಿ' ಮಾಡಿದರು. ಸಗಣಿಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಿರುತ್ತವೆ. ನಾವು ಮುಟ್ಟಿ ಕುಡಿದಾಗ ಕೆಡದ ನೀರು ಅವರ ಶುದ್ಧಿಯಿಂದ ಕೆಟ್ಟಿತು!

ಈಗ ವಿಜ್ಞಾನದ ಶುದ್ಧಿ ನೋಡೋಣ. ಬ್ಲೀಚಿಂಗ್ ಪೌಡರು ನೀರಿಗೆ ಬಿದ್ದರೆ ಹೈಪೋಕ್ಲೋರಸ್ ಆಮ್ಲ ಹುಟ್ಟುತ್ತದೆ. ಇದರ ಅಣು ಚಿಕ್ಕದು, ವಿದ್ಯುದಂಶವಿಲ್ಲದ್ದು. ಆದ್ದರಿಂದ ಬ್ಯಾಕ್ಟೀರಿಯದ ಗೋಡೆ ದಾಟಿ ಸಲೀಸಾಗಿ ಒಳಗೆ ನುಗ್ಗುತ್ತದೆ. ಒಳಗಿನ ಪ್ರೋಟೀನು, ಕಿಣ್ವಗಳನ್ನು ಉತ್ಕರ್ಷಿಸಿ ಹಾಳು ಮಾಡುತ್ತದೆ. ಜೀವಕೋಶದ ಕೆಲಸವೆಲ್ಲ ನಿಂತು ಬ್ಯಾಕ್ಟೀರಿಯ ಸಾಯುತ್ತದೆ. ತಿಳಿನೀರಾದರೆ 1000 ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆ ಪೌಡರು, ಅರ್ಧ ಗಂಟೆ ಹೊತ್ತು. ಮಂತ್ರ ಬೇಡ, ಪುರೋಹಿತ ಬೇಡ.

ಆದರೆ ಇಷ್ಟಕ್ಕೇ ಮುಗಿಯಲಿಲ್ಲ. ಬ್ಯಾಕ್ಟೀರಿಯ ಕೊಂದ ಮೇಲೂ ನೀರಲ್ಲಿ ಸ್ವಲ್ಪ ಕ್ಲೋರಿನ್ ಉಳಿದಿರಬೇಕು. ದಾರೀಲಿ ಕೊಳೆ ಸೇರಿದರೆ ಕಾಯೋದು ಅದೇ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಅನ್ನುತ್ತದೆ ಭಾರತೀಯ ಮಾನಕ. ಪೈಪು ಉದ್ದವಾದಷ್ಟೂ ಈ ಕಾವಲು ಕರಗುತ್ತಾ ಬರುತ್ತದೆ. ನೀರು ನಿಂತಾಗ ಒಡೆದ ಪೈಪು ಪಕ್ಕದ ಚರಂಡಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೇರಿ ಊರ ಕೊನೆಗಿದ್ದರೆ ನಮ್ಮ ನಲ್ಲೀನೂ ಪೈಪಿನ ಕೊನೆಗೇ. ಟ್ಯಾಂಕಿನ ಹತ್ತಿರದವರಿಗೆ ಕ್ಲೋರಿನ್ ನೀರು, ನಮಗೆ ಕಾವಲಿಲ್ಲದ ನೀರು.

ಇದು ಬಾಯಿಮಾತಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಮ್ಮ ಜನ ನಲ್ಲಿ ನೀರು ಕುಡಿದು ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಕಾಲರಾ ರೋಗಾಣು ಸಿಕ್ಕಿತು. ಕ್ಲೋರಿನ್‌ಗೆ ಸುಲಭವಾಗಿ ಸಾಯೋ ರೋಗಾಣು ಅದು! ಔಷಧಿ ಅಗ್ಗ, ವಿದ್ಯೆ ನೂರು ವರ್ಷಕ್ಕೂ ಹಳೇದು. ಆದರೂ ಜನ ಸತ್ತರು ಅಂದರೆ ಕೊರತೆ ಯಾವುದರದು?

ಹೊಸಕೋಟೆ ತಾಲ್ಲೂಕಿನ ಹಾಸ್ಟೆಲ್ ಗೆಳೆಯರಿಗೆ ನಾವು ಹೇಳೋದು ಇಷ್ಟೆ. ಹಾಸ್ಟೆಲ್ ತೊಟ್ಟಿ ಕೊನೇ ಸಲ ತೊಳೆದದ್ದು ಯಾವಾಗ ಅಂತ ವಾರ್ಡನ್ನರನ್ನು ಕೇಳಿ. ಪೌಡರಿನ ಚೀಲ ಬಾಯಿ ತೆರೆದು ಬಿದ್ದಿದ್ದರೆ ಅದರ ಶಕ್ತಿ ಹಾರಿಹೋಗಿರುತ್ತದೆ ಅಂತ ನೀರುಗಂಟಿಗೆ ತಿಳಿಸಿ. ಪಂಚಾಯ್ತಿಯಲ್ಲಿ ಕ್ಲೋರಿನ್ ಪರೀಕ್ಷೆ ಕಿಟ್ಟು ಕೇಳಿ. ಒಂದೆರಡು ಹನಿ ಆರ್ಥೋಟೊಲಿಡಿನ್ ಹಾಕಿದಾಗ ನೀರು ಹಳದಿಯಾದರೆ ಕ್ಲೋರಿನ್ ಇದೆ, ಬಣ್ಣ ಬರದಿದ್ದರೆ ಇಲ್ಲ. ಪರೀಕ್ಷೆ ಟ್ಯಾಂಕಿನ ಬುಡದಲ್ಲಿ ಬೇಡ, ಕೇರಿಯ ಕೊನೇ ನಲ್ಲಿಯಲ್ಲಿ ಆಗಲಿ. ತಾರೀಕು ಹಾಕಿ ಪುಸ್ತಕದಲ್ಲಿ ಬರೆದಿಡಿ. ನೀರು ವಾಸನೆ ಅಂತ ಅವ್ವಂದಿರು ಬೈದರೆ, ಆ ಸಣ್ಣ ವಾಸನೆಯೇ ಮಗುವಿನ ಭೇದಿ ತಡೆಯೋದು ಅಂತ ಬಿಡಿಸಿ ಹೇಳಿ. ಒಂದು ಮಾತು ನೆನಪಿರಲಿ: ಕೊಳವೆಬಾವಿ ನೀರಲ್ಲಿ ಫ್ಲೋರೈಡ್, ನೈಟ್ರೇಟ್ ಇದ್ದರೆ ಕ್ಲೋರಿನ್ ಅದನ್ನು ತೆಗೆಯೋದಿಲ್ಲ. ಅದಕ್ಕೆ ಬೇರೆ ಪರೀಕ್ಷೆಯನ್ನೇ ಕೇಳಬೇಕು.

ಮಹಾಡದಲ್ಲಿ ನಮ್ಮವರು ಕೇಳಿದ್ದು ನೀರು ಮುಟ್ಟುವ ಹಕ್ಕು. ನಾವು ಕೇಳಬೇಕಾದ್ದು ಕೊನೇ ನಲ್ಲಿಯಲ್ಲೂ ರೋಗವಿಲ್ಲದ ನೀರು. ಲೆಕ್ಕ ಬರೆದ ಪುಸ್ತಕ ಕೈಯಲ್ಲಿದ್ದರೆ ಅಧಿಕಾರಿ 'ನೋಡೋಣ' ಅಂತ ಕಳಿಸಲಾರ.