ಕೆರೆಯ ಏರಿಯ ಒಸರು

ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ನೆಯ ಇಸವಿಯ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಗಲಬಾರದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಆ ದೋಷಗಳಲ್ಲಿ ಏರಿಯಿಂದ ನೀರು ಒಸರುವದು ಒಂದು. ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವದು ಇನ್ನೊಂದು. ಆರು ಶತಮಾನಗಳು ಕಳೆದರೂ ಈ ಎರಡು ದೋಷಗಳು ನಮ್ಮ ಕೆರೆಗಳನ್ನು ಬಿಟ್ಟಿಲ್ಲ.

ಒಸರಿಲ್ಲದ ಮಣ್ಣಿನ ಏರಿ ಜಗತ್ತಿನಲ್ಲಿಲ್ಲ. ತಿಳಿಯಾದ ನೀರು ಒಂದೇ ಪ್ರಮಾಣದಲ್ಲಿ ಜಿನುಗುತ್ತಿದ್ದರೆ ಹೆದರಬೇಕಾಗಿಲ್ಲ. ಆ ನೀರು ಕದಡಿ ಬಂದಿತೆಂದರೆ ಏರಿಯ ಒಡಲಿನ ಮಣ್ಣೇ ಹೊರಬರುತ್ತಿದೆಯೆಂದು ತಿಳಿಯಬೇಕು. ಸವೆತವು ಹೊರಮಗ್ಗುಲಿನ ಬುಡದಲ್ಲಿ ಮೊದಲಾಗಿ, ಕಣ್ಣಿಗೆ ಕಾಣದ ಸುರಂಗವಾಗಿ, ನೀರಿನ ಕಡೆಗೆ ಹಿಂದಕ್ಕೆ ಬೆಳೆಯುತ್ತ ಹೋಗುತ್ತದೆ. ಸುರಂಗವು ಕೆರೆಯನ್ನು ಮುಟ್ಟಿದ ಮೇಲೆ ಉಳಿಯುವದು ಕೆಲವೇ ಗಂಟೆಗಳ ಅವಕಾಶ.

ಇಲ್ಲಿಯೇ ನಮ್ಮ ಜನರು ಎಡವುತ್ತಾರೆ. ಒಸರು ಕಂಡೊಡನೆ ಹೊರಮಗ್ಗುಲಿಗೆ ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚುತ್ತಾರೆ. ಒಳಗೆ ಒತ್ತಡವೇರಿದ ನೀರು ಮತ್ತೊಂದು ಕಡೆ ಹಾದಿ ಮಾಡಿಕೊಳ್ಳುತ್ತದೆ. ಜೇಡಿಮಣ್ಣಿನ ಸ್ಥಳ ನೀರಿನ ಮಗ್ಗುಲು. ಹೊರಮಗ್ಗುಲಿನಲ್ಲಿ ಮಾಡತಕ್ಕದ್ದು, ಒಸರಿನ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹರಡುವದು. ನೀರನ್ನು ಹೋಗಗೊಡಬೇಕು, ಮಣ್ಣನ್ನು ಹಿಡಿದಿಡಬೇಕು. ಈ ವಿದ್ಯೆಯ ಸಾರವೆಲ್ಲ ಇಷ್ಟೇ.

ಹಳೆಯ ಏರಿಗೆ ಶತ್ರುಗಳು ಹಲವರು. ಹೆಗ್ಗಣಗಳು ಬಿಲ ತೋಡುತ್ತವೆ. ಏರಿಯ ಮೇಲೆ ಬೆಳೆದ ಮರ ಸತ್ತರೆ ಬೇರು ಕೊಳೆತ ಜಾಗವು ಕೊಳವೆಯಾಗುತ್ತದೆ. ತೂಬಿನ ಕಲ್ಲುಕಟ್ಟಡಕ್ಕೂ ಮಣ್ಣಿಗೂ ನಡುವಿನ ಸಂದಿನಲ್ಲಿ ನೀರು ನುಸುಳುತ್ತದೆ. ಹಿಂದೆ ನೀರುಗಂಟಿಯು ಏರಿಯ ಮೇಲೆ ದಿನವೂ ನಡೆದಾಡಿ ಇವುಗಳನ್ನು ಕಾಣುತ್ತಿದ್ದನು. ಇಂದು ಬಹಳ ಊರುಗಳಲ್ಲಿ ಆ ಹೆಸರು ಮಾತ್ರ ಉಳಿದಿದೆ.

ಅಸಡ್ಡೆಯ ಬೆಲೆಯೇನೆಂಬುದನ್ನು ನೆರೆರಾಜ್ಯದ ರತ್ನಾಗಿರಿ ಜಿಲ್ಹೆಯಲ್ಲಿ ಕಂಡೆವು. ನಮ್ಮ ಕಾಲದಲ್ಲಿಯೇ ಕಟ್ಟಿದ ತಿವರೆಯ ಮಣ್ಣಿನ ಕಟ್ಟೆಯು 2019ನೆಯ ಜುಲೈ 2ರ ರಾತ್ರಿ ಒಡೆದು 20ರ ಸುಮಾರು ಜನರು ಪ್ರಾಣ ಕಳೆದುಕೊಂಡರು. ಕಟ್ಟೆ ಸೋರುತ್ತಿದೆಯೆಂದು ಗ್ರಾಮಸ್ಥರು ಮೊದಲೇ ಮೊರೆಯಿಟ್ಟಿದ್ದರು. ಒಡೆದ ಮೇಲೆ ಮಂತ್ರಿಯೊಬ್ಬರು ದೋಷವನ್ನು ಏಡಿಗಳ ಮೇಲೆ ಹಾಕಿದರು! ಏಡಿ ಬಿಲ ತೋಡುವದು ಅದರ ಸ್ವಭಾವ. ಬಿಲವನ್ನು ನೋಡಿ ಮುಚ್ಚಿಸುವದು ಯಾರ ಧರ್ಮ?

2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು ಮಳೆಗಾಲದ ಮುಂಚೆಯೂ ನಂತರವೂ ಪರೀಕ್ಷೆಯನ್ನು ಕಡ್ಡಾಯ ಮಾಡಿದ್ದು ಸ್ತುತ್ಯವೇ ಸರಿ. ಆದರೆ ಅದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಮತ್ತು 10ರಿಂದ 15 ಮೀಟರಿನೊಳಗಿನ ಕೆಲವಕ್ಕೆ ಮಾತ್ರ ಅನ್ವಯಿಸುತ್ತದೆ. ನಮ್ಮ ಸಾವಿರಾರು ಊರಕೆರೆಗಳ ಏರಿಗಳು ಅಷ್ಟು ಎತ್ತರವಿಲ್ಲ. ಆದುದರಿಂದ ಅವು ಆ ಕಾಯಿದೆಯ ಹೊರಗೆ ನಿಂತಿವೆ. ಮೇಲಾಗಿ 40 ಹೆಕ್ಟೇರಿಗಿಂತ ಹೆಚ್ಚಿನ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಖಾತೆಯದು, ಕಡಿಮೆಯದು ಪಂಚಾಯತಿಯದು. ಎಷ್ಟೋ ಕಡೆ ಏರಿಯ ಮೇಲಿನ ರಸ್ತೆ ಮತ್ತೊಂದು ಖಾತೆಯದು. ರಾಜ್ಯಗಳ ಗಡಿ ಹೋಗಿ ಕಚೇರಿಗಳ ಗಡಿ ಬಂದಿತು. ಶಾಸನವು ಹೇಳಿದ ದೋಷ ಮಾತ್ರ ಹೋಗಲಿಲ್ಲ.

ಆದುದರಿಂದ ಕಾಯಿದೆಯಲ್ಲಿಯ ಪರೀಕ್ಷೆಯ ಕಟ್ಟಳೆಯನ್ನು ರಾಜ್ಯ ಸರಕಾರವು ಸಣ್ಣ ಕೆರೆಗಳಿಗೂ ವಿಧಿಸಬೇಕು; ಪ್ರತಿಯೊಂದು ಏರಿಗೂ ಸಂಬಳದ ಕಾವಲುಗಾರನೊಬ್ಬನನ್ನು ನೇಮಿಸಿ, ಅವನ ಹೆಸರನ್ನು ಪಂಚಾಯತಿಯ ಹಲಗೆಯ ಮೇಲೆ ಬರೆಯಿಸಬೇಕು. ಗ್ರಾಮಸಭೆಗಳು ಈ ಬಗ್ಗೆ ಠರಾವು ಮಾಡಲಿ.

ಸರಕಾರದ ದಾರಿ ಕಾಯುತ್ತ ನಾವು ಸುಮ್ಮನೆ ಕೂಡ್ರುವ ಕಾರಣವಿಲ್ಲ. ಶಿಕ್ಷಕ ಬಂಧುಗಳೇ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಏರಿಯ ಬುಡಕ್ಕೆ ಹೋಗಿರಿ. ಒಸರಿನ ನೀರನ್ನು ಒಂದು ಕಿರುಗಾಲುವೆಗೆ ತಿರುಗಿಸಿ, ಬಿಂದಿಗೆ ತುಂಬಲು ಎಷ್ಟು ನಿಮಿಷ ಬೇಕಾಯಿತು, ನೀರು ತಿಳಿಯೋ ಕದಡಿದ್ದೋ, ಕೆರೆಯ ಮಟ್ಟವೆಷ್ಟು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿರಿ. ಕೆರೆಯ ಮಟ್ಟ ಏರದೆ ಬಿಂದಿಗೆ ಬೇಗ ತುಂಬತೊಡಗಿದರೆ, ಅಥವಾ ನೀರು ಕದಡಿದರೆ, ತಡಮಾಡದೆ ಅಧಿಕಾರಿಗಳಿಗೆ ಲಿಖಿತ ಸೂಚನೆ ಕೊಟ್ಟು ಏರಿಯ ಕೆಳಗಿನ ಮನೆಗಳವರನ್ನು ಎಚ್ಚರಿಸಿರಿ. ಬಾಯಿಮಾತಿನ ಮೊರೆಯನ್ನು ಕಚೇರಿಯು ಮರೆಯಬಹುದು. ತಾರೀಖು ಹಾಕಿದ ಲೆಕ್ಕವನ್ನು ಅಷ್ಟು ಸುಲಭವಾಗಿ ಮರೆಯಲಾರದು.