ಅಡಿಕೆಗೆ ವಿಮೆ ಉಂಟು, ಅಡಿಕೆ ಒಣಗಿಸುವ ಮನೆಗೆ?

ಈ ಸಲ ತೋಟದ ಸುದ್ದಿ ಅಲ್ಲ, ಮನೆ ಸುದ್ದಿ. ಸ್ವಲ್ಪ ಉದ್ದ ಆಗ್ತದೆ. ಮಳೆ ಹೊಡೀತಾ ಇದೆ, ಹೇಗೂ ಯಾರಿಗೂ ಹೊರಗೆ ಕೆಲಸ ಇಲ್ಲ, ಕೂತು ಓದಿ.

ಮೊನ್ನೆ ಸೊಸೈಟಿಯಲ್ಲಿ ಬೆಳೆ ವಿಮೆ ಕಟ್ಟಲಿಕ್ಕೆ ಸಾಲಿನಲ್ಲಿ ನಿಂತಿದ್ದೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ನಮ್ಮ ಪಾಲು ಶೇಕಡಾ 5, ಅಂದ್ರೆ 6,400. ಪಂಚಾಯ್ತಿ ಮಳೆಮಾಪಕ ಸರಿ ಇದೆಯೋ ಇಲ್ಲವೋ, ಹಣ ಬರ್ತದೋ ಇಲ್ಲವೋ ಎಂದು ಬೈಯ್ಯುತ್ತಲೇ ಎಲ್ಲರೂ ಕಟ್ಟಿದ್ದೇವೆ. ಸಾಲಿನಲ್ಲಿದ್ದ ಹನ್ನೆರಡು ಜನರನ್ನು ಕೇಳಿದೆ, ಮನೆಗೆ ವಿಮೆ ಮಾಡಿದವರು ಯಾರಾದ್ರೂ ಇದ್ದೀರಾ ಎಂದು. ಒಬ್ಬರೂ ಇಲ್ಲ. ಒಬ್ಬ ಹಿರಿಯರು "ಮನೆ ಎಲ್ಲಿಗೆ ಹೋಗ್ತದೆ ತಮ್ಮಾ" ಎಂದು ನಕ್ಕರು. ನಾನೂ 2021ರ ತನಕ ಹಾಗೇ ನಗುತ್ತಿದ್ದವನು.

ನಮ್ಮ ಮನೆ ಗೊತ್ತಿರುವವರಿಗೆ ಗೊತ್ತು. ಮುಂದೆ ಗದ್ದೆ, ಅದರಾಚೆ ಹೊಳೆ. ಹಿಂದೆ ಗುಡ್ಡ. ಅಪ್ಪ ಮನೆ ಕಟ್ಟುವಾಗ ಜಾಗ ಸಾಲದೆ ಗುಡ್ಡವನ್ನು ಕೆತ್ತಿ ಸಮ ಮಾಡಿದ್ದರು. 2019ರ ಆಗಸ್ಟಿನಲ್ಲಿ ಅಘನಾಶಿನಿ ಏರಿದಾಗ ನೀರು ಜಗುಲಿ ಮೆಟ್ಟಿಲಿಗೆ ಬಂದು ನಿಂತಿತು, ಒಳಗೆ ಬರಲಿಲ್ಲ. ಹೊಳೆ ಕಡೆಯೇ ಹೆದರಿಕೆ ಎಂದುಕೊಂಡಿದ್ದೆವು. 2021ರ ಜುಲೈ ಮಳೆಗೆ ಹಿಂದಿನ ದರೆ ಕುಸಿಯಿತು. ರಾತ್ರಿ ಎರಡು ಗಂಟೆ. ಅಡುಗೆಮನೆಯ ಚಿರೆಕಲ್ಲಿನ ಗೋಡೆ ಒಳಗೆ ಬಿತ್ತು, ಬಚ್ಚಲುಮನೆ ಪೂರ್ತಿ ಮಣ್ಣು. ನಮ್ಮನೆಯವಳು ಬೆಳಿಗ್ಗೆ ಒಲೆ ಹಚ್ಚುವ ಜಾಗ ಅದು. ಮೂರು ತಾಸು ತಡವಾಗಿದ್ದರೆ ಈ ಪೋಸ್ಟ್ ಬರೆಯುವ ಧೈರ್ಯ ನನಗೆ ಇರುತ್ತಿರಲಿಲ್ಲ.

ಮನೆ ಸಾಲ ತೆಗೆಯುವಾಗ ಬ್ಯಾಂಕಿನವರು ಒಂದು ವಿಮೆ ಮಾಡಿಸಿದ್ದರು. ಅದನ್ನು ಹುಡುಕಿ ತೆಗೆದುಕೊಂಡು ಹೋದೆ. ಸಾಲ ತೀರಿದ ವರ್ಷವೇ ಪಾಲಿಸಿಯೂ ಮುಗಿದಿತ್ತು. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗೋಡೆ, ಮಾಡು, ಪಿಚಿಂಗ್ ಎಲ್ಲ ಸೇರಿ 1 ಲಕ್ಷ 80 ಸಾವಿರ ಕೈಯಿಂದ ಹೋಯ್ತು. ಆ ವರ್ಷದ ಅಡಿಕೆ ದುಡ್ಡು ಅಲ್ಲಿಗೆ ಮುಗೀತು.

ಸರ್ಕಾರ ಕೊಡ್ತದಲ್ಲ ಅಂತೀರಿ. ಕೊಡ್ತದೆ. ಆದರೆ ಲೆಕ್ಕ ನೋಡಿ. 2022ರಿಂದ 2026ರ ಅವಧಿಗೆ ಕೇಂದ್ರದ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000, ಗುಡ್ಡಗಾಡು ಪ್ರದೇಶವಾದರೆ 1,30,000. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. 2019ರಲ್ಲಿ ನಮ್ಮ ರಾಜ್ಯ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಘೋಷಿಸಿತ್ತು, ಸುಳ್ಳಲ್ಲ. ಆದರೆ ಅದು ಆ ವರ್ಷದ ತೀರ್ಮಾನ. ಮುಂದಿನ ಸಲ ಎಷ್ಟು ಎಂಬುದು ಆಗಿನ ಸರ್ಕಾರದ ಮನಸ್ಸು. ನಮ್ಮಲ್ಲಿ ಹೆಚ್ಚಿನ ಮನೆಗಳು ಪೂರ್ತಿ ಬೀಳುವುದೂ ಇಲ್ಲ. ಒಂದು ಗೋಡೆ, ಅರ್ಧ ಮಾಡು, ಇಷ್ಟೇ. ಈಗ 6,500ಕ್ಕೆ ಹಂಚು ಇಳಿಸಿ ಏರಿಸುವ ಕೂಲಿಯೂ ಹುಟ್ಟುವುದಿಲ್ಲ.

ಅದಕ್ಕೇ ಆಮೇಲೆ ಪಾಲಿಸಿ ಹುಡುಕಲಿಕ್ಕೆ ಹೊರಟೆ. 2021ರ ಏಪ್ರಿಲ್‌ನಿಂದ ಜನರಲ್ ಇನ್ಸೂರೆನ್ಸ್ ಕಂಪನಿಗಳು "ಭಾರತ್ ಗೃಹ ರಕ್ಷಾ" ಎಂಬ ಒಂದೇ ನಮೂನೆಯ ಪಾಲಿಸಿ ಕೊಡಬೇಕು, ಷರತ್ತೆಲ್ಲ ಒಂದೇ ಥರ. ಅದರಲ್ಲಿ ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಗುಡ್ಡ ಕುಸಿತ, ಮನೆ ಮೇಲೆ ಮರ ಬೀಳುವುದು ಎಲ್ಲ ಬರ್ತದೆ. 10 ಲಕ್ಷದ ಮನೆಗೆ ನನಗೆ ಹೇಳಿದ ದರ ವರ್ಷಕ್ಕೆ ಸಾವಿರದೊಳಗೆ. ಏಜೆಂಟರು "ಎಲ್ಲಾ ಕವರ್ ಆಗ್ತದೆ ಸರ್" ಅಂದರು. ನಾನು ಒಂದು ವಾರ ಆ ಪಾಲಿಸಿಯ ಪುಸ್ತಕ ಇಟ್ಟುಕೊಂಡು ಮಗಳ ಹತ್ತಿರ ಓದಿಸಿದೆ. ಎಲ್ಲಾ ಆಗುವುದಿಲ್ಲ ಮಾರಾಯ್ರೆ. ಬಿಟ್ಟದ್ದೆಲ್ಲ ನಮ್ಮ ಕರಾವಳಿಯನ್ನು ನೋಡಿಯೇ ಬರೆದ ಹಾಗೆ ಇದೆ.

ಗುಡ್ಡ ಕುಸಿತ, ನೆಲ ಕುಸಿತ ಎಂದು ಬರೆದ ಸಾಲಿನ ಪಕ್ಕದಲ್ಲೇ ಏನೇನು ಕೊಡುವುದಿಲ್ಲ ಎಂದೂ ಇದೆ. ಸಮುದ್ರ ಅಥವಾ ನದಿ ಕೊರೆತದಿಂದ ಆದದ್ದು ಇಲ್ಲ. ಮಣ್ಣು ತುಂಬಿ ಎತ್ತರಿಸಿದ ಜಾಗ ಕುಳಿತು ಆದದ್ದು ಇಲ್ಲ. ನೆಲ ಅಗೆದ ಕೆಲಸದಿಂದ ಆದದ್ದೂ ಇಲ್ಲ.

ಈಗ ಇದನ್ನು ಹಿಡಿದುಕೊಂಡು ನಮ್ಮ ಮೂರು ತಾಲೂಕು ಸುತ್ತಿ. ಹೊನ್ನಾವರದ ಪಾವಿನಕುರ್ವಾ ಕಡೆ ಮನೆ ಇದ್ದವರಿಗೆ ಹೆದರಿಕೆ ಯಾವುದರದ್ದು? ಕಡಲ್ಕೊರೆತದ್ದು. ಅದು ಪಾಲಿಸಿಯಿಂದ ಹೊರಗೆ. ಗದ್ದೆಗೆ ಕೆಂಪು ಮಣ್ಣು ಹೊಡೆಸಿ ಮನೆ ಕಟ್ಟಿದವರು ಕುಮಟಾದಲ್ಲಿ ಎಷ್ಟು ಜನ ಇಲ್ಲ? ಎರಡು ಮಳೆಗಾಲಕ್ಕೆ ಪಾಯ ಕುಳಿತು ಗೋಡೆ ಬಿರುಕು ಬಿಟ್ಟರೆ ಅದೂ ಹೊರಗೆ. ಇನ್ನು ನನ್ನಂಥ ದರೆ ಕೆತ್ತಿದವರು. ಅಪ್ಪ 40 ವರ್ಷದ ಹಿಂದೆ ಕೆತ್ತಿದ್ದು ಈಗ ಕುಸಿದರೆ ಅದು ಮಳೆಯ ಕುಸಿತವೋ, ಅಗೆತದ ಕುಸಿತವೋ? ಸರ್ವೇಯರ್ ಬಂದು ಯಾವುದನ್ನು ಬರೆಯುತ್ತಾರೆ ಎಂಬುದರ ಮೇಲೆ ನಿಂತಿದೆ.

ಅದಕ್ಕಿಂತ ದೊಡ್ಡ ಪ್ರಶ್ನೆ ಹೆದ್ದಾರಿಯದ್ದು. 66ನೇ ನಂಬರಿನ ರಸ್ತೆ ಅಗಲ ಮಾಡಲಿಕ್ಕೆ ಗುಡ್ಡಗಳನ್ನು ಗೋಡೆ ಹಾಗೆ ಕಡಿದು ಬಿಟ್ಟಿದ್ದಾರೆ. 2017ರ ಮಳೆಗಾಲದಲ್ಲಿ ನಮ್ಮದೇ ತಂಡ್ರಕುಳಿಯಲ್ಲಿ ಗುಡ್ಡ ಕುಸಿದು ಮಕ್ಕಳು ತೀರಿಹೋದ್ರು. 2024ರ ಜುಲೈ 16ರ ಶಿರೂರು ಯಾರೂ ಮರೆತಿಲ್ಲ. ಅಲ್ಲಿ ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಗುಡ್ಡವೇ ಈಚೆ ದಡದ್ದು, ಹೋದದ್ದು ಆಚೆ ದಡದ ಮನೆ. ಅಂಥ ಮನೆಗೆ ಪಾಲಿಸಿ ಇದ್ದಿದ್ದರೆ ಅದು ನೆರೆಯೋ, ಕುಸಿತವೋ, ಇನ್ಯಾರೋ ಅಗೆದದ್ದರ ಫಲವೋ? ನಾವು ಅಗೆಯದ ಗುಡ್ಡಕ್ಕೆ ನಮ್ಮ ಕ್ಲೇಮು ತಳ್ಳಿದರೆ ಅದು ನ್ಯಾಯ ಅಲ್ಲ ಎಂಬುದು ನನ್ನ ಖಂಡಿತ ಅಭಿಪ್ರಾಯ. ಆದರೆ ನನ್ನ ಅಭಿಪ್ರಾಯಕ್ಕೆ ಯಾರೂ ಚೆಕ್ ಬರೆಯುವುದಿಲ್ಲ. ಕಂತು ಕಟ್ಟುವ ಮೊದಲೇ ಕಂಪನಿಯಿಂದ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಬೇಕು. ಬಾಯಿಮಾತಿನ "ಆಗ್ತದೆ ಸರ್" ಕ್ಲೇಮಿನ ದಿನ ಫೋನ್ ಎತ್ತುವುದಿಲ್ಲ.

ಇದನ್ನೆಲ್ಲ ಓದಿ ಹಾಗಾದ್ರೆ ಬೇಡವೇ ಬೇಡ ಎಂದು ಬಿಡಬೇಡಿ. ಕತಗಾಲ, ಆನೆಗುಂಡಿ, ಕೊಡ್ಕಣಿ, ದೀವಗಿ, ಆಚೆ ಗುಂಡಬಾಳಾ, ಶರಾವತಿ ದಡ, ಇಲ್ಲೆಲ್ಲ ಮನೆಗೆ ನುಗ್ಗುವುದು ಹೊಳೆ ನೀರು. ಅದು ನೇರವಾಗಿ ಪಾಲಿಸಿಯೊಳಗೆ ಬರ್ತದೆ. ಮೇಲೆ ಡ್ಯಾಮಿನಿಂದ ನೀರು ಬಿಟ್ಟರೂ ಮನೆಯೊಳಗೆ ಬಂದದ್ದು ನೆರೆಯೇ. ಮನೆ ಮೇಲೆ ವಾಲಿದ ತೆಂಗು, ಹಲಸು, ಮಾವು ಇದ್ದವರೂ ಅಷ್ಟೇ. ಇಂಥವರು ತಡಮಾಡದೆ ಮಾಡಿಸುವುದು ಒಳ್ಳೇದು. ಕಡಲ ದಂಡೆಯವರು ಗಾಳಿಗೆ, ಬೆಂಕಿಗೆ ಎಂದು ಮಾಡಿಸಿ, ಕೊರೆತಕ್ಕೆ ಇದನ್ನು ನಂಬಬೇಡಿ. ದರೆ ಕೆಳಗಿನವರು ಮೊದಲು ನೀರು ಹರಿದುಹೋಗಲಿಕ್ಕೆ ಮೇಲೆ ಕಾಲುವೆ ಹೊಡೆಯಿರಿ, ಆಮೇಲೆ ಪಾಲಿಸಿ.

ಮೊತ್ತದ ವಿಷಯ. ಜಾಗದ ಬೆಲೆ ಸೇರಿಸಬಾರದು, ಇವತ್ತು ಅದೇ ಮನೆ ಮತ್ತೆ ಕಟ್ಟಲಿಕ್ಕೆ ಎಷ್ಟು ಬೇಕೋ ಅಷ್ಟೇ. 900 ಚದರಡಿ, ಅಡಿಗೆ 1,500 ಹಿಡಿದರೆ 13 ಲಕ್ಷ 50 ಸಾವಿರ. ಮನೆ ಸಾಮಾನಿಗೆ ಅದರ ಶೇಕಡಾ 20 ತಾನಾಗಿಯೇ ಸೇರ್ತದೆ, 10 ಲಕ್ಷದ ಮಿತಿಯೊಳಗೆ. ಆದರೆ ಸಾಮಾನು ಅಂದ್ರೆ ಕಪಾಟು, ಫ್ರಿಜ್ಜು, ಪಾತ್ರೆ. ಅಟ್ಟದ ಮೇಲಿನ ಚಾಲಿ ಅಡಿಕೆ ಮೂಟೆ ಮಾರುವ ಮಾಲು, ಅದಲ್ಲ. ಬಂಗಾರಕ್ಕೆ ಬೇರೆ ಹೇಳಿ ಮಾಡಿಸಬೇಕು, ನಗದಿಗೆ ಇಲ್ಲವೇ ಇಲ್ಲ. ಕೊಟ್ಟಿಗೆಯನ್ನೂ ಕೇಳಿ, ಜನ ಇರುವ ಔಟ್‌ಹೌಸ್ ಮಾತ್ರ ಮನೆಯ ಲೆಕ್ಕ. ಮಾಡಿಗೆ ಸೋಗೆಯೋ, ಹಂಚೋ, ಸ್ಲ್ಯಾಬೋ, ಇದ್ದದ್ದನ್ನೇ ಬರೆಸಿ, ಕಂತು ಕಡಿಮೆ ಆಗ್ಲಿ ಎಂದು ಸುಳ್ಳು ಬೇಡ. ಒರಲೆ ತಿಂದ ಪಕಾಸಿಗೆ, ಹಳೇ ಹಂಚಿನ ಸೋರಿಕೆಗೆ ಯಾವ ಕಂಪನಿಯೂ ಕೊಡುವುದಿಲ್ಲ, ಕೇಳಿ ನಗೆಪಾಟಲಾಗಬೇಡಿ.

ಇನ್ನೊಂದು. ನಮ್ಮಲ್ಲಿ ಅರ್ಧ ಮನೆಗಳು ಇನ್ನೂ ಅಜ್ಜನ ಹೆಸರಲ್ಲೇ ಇವೆ. ಪಾಲಿಸಿ ಯಾರ ಹೆಸರಲ್ಲಿ ಇರ್ತದೋ ಅವರಿಗೆ ಮನೆಯ ಮೇಲೆ ಹಕ್ಕಿದೆ ಎಂದು ಕಾಗದ ಬೇಕಾಗ್ತದೆ. ಅಣ್ಣತಮ್ಮಂದಿರು ಕೂತು ಅದನ್ನು ಮೊದಲು ಸರಿಮಾಡಿಕೊಳ್ಳಿ. ಇವತ್ತೇ ಮೊಬೈಲ್ ತೆಗೆದು ನಾಲ್ಕೂ ಗೋಡೆ, ಮಾಡು, ಹಿಂದಿನ ದರೆ, ಒಳಗಿನ ಸಾಮಾನು ಎಲ್ಲದರ ಫೋಟೋ ಹೊಡೆದು ಹೊರಗೆ ಇರುವ ಮಕ್ಕಳಿಗೆ ಕಳಿಸಿ ಇಡಿ. ನಮ್ಮ ಕಪಾಟಿನ ಕಾಗದ ಕಪಾಟಿನ ಸಂಗಡವೇ ಮಣ್ಣಿನಡಿ ಹೋಗಿತ್ತು.

ಕಂಪನಿ ಅನ್ಯಾಯವಾಗಿ ಕ್ಲೇಮು ತಳ್ಳಿದ್ರೆ ಮೊದಲು ಅವರಿಗೇ ದೂರು ಬರೆಯಬೇಕು, ತಿಂಗಳು ಕಾದೂ ಸರಿಯಾಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿದ್ದಾರೆ, 50 ಲಕ್ಷದ ತನಕದ ತಕರಾರು ಕೇಳ್ತಾರೆ, ಫೀಸಿಲ್ಲ.

ನಾನು ಈ ವರ್ಷ ಹೊಳೆಗೆ, ಗಾಳಿಗೆ, ಮರಕ್ಕೆ ಎಂದು ಕಂತು ಕಟ್ಟಿದ್ದೇನೆ. ದರೆ ವಿಷಯಕ್ಕೆ ಮಗಳು ಕಂಪನಿಗೆ ಮೇಲ್ ಹಾಕಿದ್ದಾಳೆ, ಅಪ್ಪ ಕೆತ್ತಿದ ದರೆ ಎಂದು ಮುಚ್ಚಿಡದೆ ಬರೆದು. ಹನ್ನೊಂದು ದಿನ ಆಯ್ತು, ಉತ್ತರ ಬಂದಿಲ್ಲ. ಬಂದದ್ದನ್ನು ಬಂದ ಹಾಗೇ ಇಲ್ಲಿ ಹಾಕ್ತೇನೆ.