ಹಿಂದುಳಿದ ತಾಲ್ಲೂಕು: ಅಳೆದದ್ದೆಷ್ಟು, ಅರಿತದ್ದೆಷ್ಟು

ರಾಯಚೂರು ಜಿಲ್ಲೆಯ ದೇವದುರ್ಗ ಮತ್ತು ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ 2002ರಲ್ಲಿ ಒಂದೇ ಪಟ್ಟಿಯಲ್ಲಿ ಕಾಣಿಸಿಕೊಂಡವು. ಅದು ಕರ್ನಾಟಕದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ. ದೇವದುರ್ಗ ಅದರಲ್ಲಿರುವುದು ಯಾರಿಗೂ ಅಚ್ಚರಿಯಾಗಲಿಲ್ಲ. ಕನಕಪುರ ಮತ್ತು ಮಾಗಡಿಯ ಹೆಸರು ಓದಿದವರು ಮಾತ್ರ ಒಮ್ಮೆ ಹುಬ್ಬೇರಿಸಿದರು. ರಾಜಧಾನಿಯ ಬೆಳಕು ರಾತ್ರಿ ಕಾಣುವಷ್ಟು ಹತ್ತಿರದ ಊರುಗಳು ಹಿಂದುಳಿದಿರುವುದು ಹೇಗೆ? ಪಟ್ಟಿಯನ್ನು ತಯಾರಿಸಿದ್ದು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ. ಇಪ್ಪತ್ತು ವರ್ಷ ದಾಟಿದರೂ ವಿಧಾನಸಭೆಯಲ್ಲಿ, ಹೋರಾಟದ ವೇದಿಕೆಗಳಲ್ಲಿ, ಬಜೆಟ್ ಭಾಷಣಗಳಲ್ಲಿ ಅದರ ವರದಿಯ ಹೆಸರು ಕೇಳುತ್ತಲೇ ಇರುತ್ತದೆ. ಆದರೆ ವರದಿ ನಿಜಕ್ಕೂ ಏನನ್ನು ಅಳೆಯಿತು, ಏನನ್ನು ಅಳೆಯಲಿಲ್ಲ ಎಂಬುದು ಅಷ್ಟಾಗಿ ಚರ್ಚೆಯಾಗಿಲ್ಲ.

1956ರಲ್ಲಿ ಕನ್ನಡನಾಡು ಒಂದಾದಾಗ ಐದು ಬೇರೆ ಬೇರೆ ಆಡಳಿತಗಳಲ್ಲಿದ್ದ ಪ್ರದೇಶಗಳು ಸೇರಿಕೊಂಡವು: ಹಳೆಯ ಮೈಸೂರು, ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳು, ಹೈದರಾಬಾದ್ ಸೀಮೆ, ಮದ್ರಾಸಿಗೆ ಸೇರಿದ್ದ ಭಾಗಗಳು ಮತ್ತು ಕೊಡಗು. ಶಾಲೆ, ರಸ್ತೆ, ವಿದ್ಯುತ್ತು, ಬ್ಯಾಂಕು ಯಾವುದೂ ಇವುಗಳಲ್ಲಿ ಸಮವಾಗಿರಲಿಲ್ಲ. ಅಂತರ ಇದೆ ಎಂಬುದನ್ನು ಎಲ್ಲರೂ ಒಪ್ಪುತ್ತಿದ್ದರು. ಎಷ್ಟು, ಎಲ್ಲಿ ಎಂಬ ಬಗ್ಗೆ ಮಾತ್ರ ಜಗಳ. ವಾದವೆಲ್ಲ ಉತ್ತರ, ದಕ್ಷಿಣ ಎಂಬ ಎರಡು ದೊಡ್ಡ ತುಂಡುಗಳಲ್ಲೇ ನಡೆಯುತ್ತಿತ್ತು. ಎಸ್.ಎಂ. ಕೃಷ್ಣ ಸರ್ಕಾರ 2000ದಲ್ಲಿ ಸಮಿತಿ ರಚಿಸಿತು, 2002ರ ಜೂನ್‌ನಲ್ಲಿ ವರದಿ ಬಂತು.

ಸಮಿತಿಯ ಮೊದಲ ಒಳ್ಳೆಯ ಕೆಲಸ ಎಂದರೆ ತಾಲ್ಲೂಕನ್ನು ಅಳತೆಯ ಘಟಕವನ್ನಾಗಿ ಆರಿಸಿದ್ದು. ಜಿಲ್ಲೆಯ ಸರಾಸರಿ ಹಲವು ಸಂಗತಿಗಳನ್ನು ಮುಚ್ಚಿಡುತ್ತದೆ. ಜಿಲ್ಲಾ ಕೇಂದ್ರದ ಆಸ್ಪತ್ರೆ, ಕಾಲೇಜು, ಕಾರ್ಖಾನೆಗಳೆಲ್ಲ ಸೇರಿ ಸರಾಸರಿಯನ್ನು ಮೇಲೆತ್ತುತ್ತವೆ. ಅಂಚಿನ ತಾಲ್ಲೂಕಿನ ಕೊರತೆ ಅದರ ಅಡಿಯಲ್ಲಿ ಕಾಣದೆ ಹೋಗುತ್ತದೆ. ಕನಕಪುರದಂಥ ಹೆಸರು ಹೊರಬಂದದ್ದು ಈ ಆಯ್ಕೆಯಿಂದಲೇ.

ಅಂದು ರಾಜ್ಯದಲ್ಲಿ 175 ತಾಲ್ಲೂಕುಗಳಿದ್ದವು. ಒಂದೊಂದನ್ನೂ 35 ಸೂಚಕಗಳಲ್ಲಿ ತೂಗಲಾಯಿತು. ಸೂಚಕ ಎಂದರೆ ಅಭಿವೃದ್ಧಿಯ ಒಂದು ಮುಖವನ್ನು ತೋರಿಸುವ, ಎಣಿಸಬಹುದಾದ ಅಂಕಿ. ನೀರಾವರಿ ಜಮೀನಿನ ಪ್ರಮಾಣ, ಹೆಕ್ಟೇರಿಗೆ ಬಳಸುವ ಗೊಬ್ಬರ, ಟ್ರ್ಯಾಕ್ಟರುಗಳು, ಬ್ಯಾಂಕ್ ಶಾಖೆಗಳು, ರಸ್ತೆಯ ಉದ್ದ, ವೈದ್ಯರು, ಆಸ್ಪತ್ರೆಯ ಹಾಸಿಗೆಗಳು, ಸಾಕ್ಷರತೆ, ಶಾಲೆಯಿಂದ ಹೊರಗುಳಿದ ಮಕ್ಕಳು ಹೀಗೆ ಪಟ್ಟಿ ಬೆಳೆಯುತ್ತದೆ. ಟ್ರ್ಯಾಕ್ಟರು ಮತ್ತು ಹಾಸಿಗೆಯನ್ನು ನೇರವಾಗಿ ಕೂಡಿಸಲಾಗುವುದಿಲ್ಲ. ಹಾಗಾಗಿ ಪ್ರತಿ ಸೂಚಕದಲ್ಲೂ ತಾಲ್ಲೂಕಿನ ಅಂಕಿಯನ್ನು ರಾಜ್ಯದ ಸರಾಸರಿಗೆ ಹೋಲಿಸಬೇಕು. ಸರಾಸರಿಯಷ್ಟೇ ಇದ್ದರೆ 1, ಅದರ ಅರ್ಧದಷ್ಟಿದ್ದರೆ 0.5. ಆಗ ಎಲ್ಲವೂ ಒಂದೇ ಅಳತೆಗೆ ಬರುತ್ತವೆ.

ಇನ್ನು ಉಳಿದದ್ದು ತೂಕದ ಪ್ರಶ್ನೆ. ಸಾಕ್ಷರತೆಗೂ ಟ್ರ್ಯಾಕ್ಟರಿಗೂ ಒಂದೇ ಬೆಲೆ ಕೊಡಬೇಕೇ? ಇದನ್ನು ಸಮಿತಿಯ ಸದಸ್ಯರ ಇಷ್ಟಕ್ಕೆ ಬಿಟ್ಟರೆ ಪಕ್ಷಪಾತದ ದೂರು ತಪ್ಪದು. ಸಂಖ್ಯಾಶಾಸ್ತ್ರದಲ್ಲಿ ಪ್ರಧಾನ ಘಟಕ ವಿಶ್ಲೇಷಣೆ ಎಂಬ ವಿಧಾನವಿದೆ. ಯಾವ ಯಾವ ಸೂಚಕಗಳು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ ಎಂಬುದನ್ನು ಅದು ಗುರುತಿಸಿ, ತಾಲ್ಲೂಕು ತಾಲ್ಲೂಕಿನ ನಡುವಿನ ವ್ಯತ್ಯಾಸವನ್ನು ಹೆಚ್ಚು ಸ್ಪಷ್ಟವಾಗಿ ತೋರುವ ಸೂಚಕಕ್ಕೆ ಹೆಚ್ಚು ತೂಕ ಕೊಡುತ್ತದೆ. ತೂಕ ಅಂಕಿಗಳಿಂದಲೇ ಹುಟ್ಟುವುದರಿಂದ ಯಾರ ಕೈವಾಡವೂ ಇರುವುದಿಲ್ಲ ಎಂಬುದು ಇದರ ಗುಣ. ಅದೇ ಅದರ ಮಿತಿಯೂ ಹೌದು. ಜನರ ಬದುಕಿಗೆ ಯಾವುದು ಮುಖ್ಯ ಎಂಬುದು ಆ ಗಣಿತಕ್ಕೆ ತಿಳಿಯದು.

ಹೀಗೆ ಬಂದ ಒಟ್ಟು ಅಂಕಿಯೇ ಸಮಗ್ರ ಸಂಯುಕ್ತ ಅಭಿವೃದ್ಧಿ ಸೂಚ್ಯಂಕ. ಅದು 1ಕ್ಕಿಂತ ಕಡಿಮೆ ಇದ್ದ ತಾಲ್ಲೂಕುಗಳು 114. ಅವುಗಳಲ್ಲಿ 0.89ರಿಂದ 0.99ರವರೆಗಿನ 35 ಹಿಂದುಳಿದವು, 0.80ರಿಂದ 0.88ರವರೆಗಿನ 40 ಹೆಚ್ಚು ಹಿಂದುಳಿದವು, ಅದಕ್ಕಿಂತ ಕೆಳಗಿನ 39 ಅತ್ಯಂತ ಹಿಂದುಳಿದವು. ಎಲ್ಲಕ್ಕಿಂತ ಕೆಳಗಿದ್ದ ದೇವದುರ್ಗಕ್ಕೆ ಬಂದದ್ದು 0.53. ಅಂದಿನ ಗುಲ್ಬರ್ಗ (ಇಂದಿನ ಕಲಬುರಗಿ) ವಿಭಾಗದ 31 ತಾಲ್ಲೂಕುಗಳಲ್ಲಿ 21 ಕೊನೆಯ ಗುಂಪಿನಲ್ಲಿದ್ದವು. ಉತ್ತರ ಕರ್ನಾಟಕದ ದೂರಿಗೆ ಹೀಗೆ ಅಂಕಿಯ ಬಲ ಬಂತು. ಜೊತೆಗೆ ದಕ್ಷಿಣದ ಪಾವಗಡ, ಮಧುಗಿರಿ, ಬಾಗೇಪಲ್ಲಿ, ಹೆಗ್ಗಡದೇವನಕೋಟೆಯಂಥ 13 ತಾಲ್ಲೂಕುಗಳೂ ಅದೇ ಗುಂಪಿನಲ್ಲಿವೆ ಎಂಬುದು ಬಯಲಾಯಿತು. ಭಾಷಣಗಳಲ್ಲಿ ಈ ಎರಡನೆಯ ಭಾಗವನ್ನು ಉಲ್ಲೇಖಿಸುವವರು ಕಡಿಮೆ.

ಹಣ ಹಂಚಲು ಸಮಿತಿ ಇನ್ನೊಂದು ಲೆಕ್ಕ ಹಾಕಿತು. ಪ್ರತಿ ತಾಲ್ಲೂಕು 1ರಿಂದ ಎಷ್ಟು ಕೆಳಗಿದೆಯೋ ಆ ಕೊರತೆಗಳನ್ನೆಲ್ಲ ಕೂಡಿಸಿ, ಅದರಲ್ಲಿ ಯಾವ ವಿಭಾಗದ ಪಾಲು ಎಷ್ಟು ಎಂದು ನೋಡಿತು. ಆ ಪ್ರಕಾರ ಗುಲ್ಬರ್ಗ ವಿಭಾಗಕ್ಕೆ ಶೇ 40, ಬೆಳಗಾವಿಗೆ 20, ಬೆಂಗಳೂರಿಗೆ 25, ಮೈಸೂರಿಗೆ 15. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ ಶಿಫಾರಸಾಯಿತು. ಅದು ಜಾರಿಯಾಗತೊಡಗಿದ್ದು 2007-08ರಲ್ಲಿ, ಅಂದರೆ ವರದಿ ಬಂದು ಐದು ವರ್ಷದ ಮೇಲೆ.

ಇಲ್ಲಿಂದ ಮುಂದೆ ಓದುಗರು ಸ್ವಲ್ಪ ನಿಧಾನಿಸಬೇಕು. ಸೂಚ್ಯಂಕ ಎಲ್ಲಿ ಕೊರತೆಯಿದೆ ಎಂದು ಹೇಳುತ್ತದೆ. ಏಕೆ ಇದೆ ಎಂದು ಹೇಳುವುದಿಲ್ಲ. ಕೃಷ್ಣೆಗೆ ಕಟ್ಟಿದ ನಾರಾಯಣಪುರ ಅಣೆಕಟ್ಟೆಯ ಕಾಲುವೆಗಳು ಸುರಪುರ, ಶಹಾಪುರ, ದೇವದುರ್ಗ ಸೀಮೆಯ ಹೊಲಗಳಿಗೆ ನೀರು ತಂದವು. ಆದರೂ ಆ ಭಾಗದಿಂದ ಪ್ರತಿ ವರ್ಷ ಕುಟುಂಬಗಳು ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ನೀರು ಸಿಕ್ಕಿದ್ದು ಕಾಲುವೆಯ ಪಕ್ಕದಲ್ಲಿ ಜಮೀನಿದ್ದವರಿಗೆ. ಒಣಭೂಮಿಯವರಿಗೂ ಭೂಮಿಯೇ ಇಲ್ಲದವರಿಗೂ ಬೇಸಿಗೆಯಲ್ಲಿ ಕೂಲಿ ಇಲ್ಲ. ಗುಳೆ ಹೋದವರ ಮಕ್ಕಳು ಶಾಲೆ ಬಿಡುತ್ತಾರೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75ರಷ್ಟಿದ್ದಾಗ ಸುರಪುರ, ಶಹಾಪುರಗಳಿರುವ ಯಾದಗಿರಿ ಜಿಲ್ಲೆಯದು ಶೇ 52ನ್ನೂ ಮುಟ್ಟಲಿಲ್ಲ. ಇಲ್ಲಿ ಶಾಲೆಯ ಕಟ್ಟಡ ಕಟ್ಟಿದರೆ ಸೂಚಕ ಸುಧಾರಿಸೀತು, ಮಗು ಶಾಲೆಗೆ ಬಾರದಿರಬಹುದು. ಮಗು ಬಾರದಿರಲು ಅಪ್ಪನ ಗುಳೆ ಕಾರಣವೋ, ಮೇಷ್ಟರ ಹುದ್ದೆ ಖಾಲಿ ಇರುವುದೋ, ಹೆಣ್ಣುಮಕ್ಕಳಿಗೆ ದೂರದ ಪ್ರೌಢಶಾಲೆಗೆ ಬಸ್ಸಿಲ್ಲದಿರುವುದೋ ಎಂದು ತಿಳಿಯಲು ಮನೆ ಮನೆಗೆ ಹೋಗಿ ಕೇಳುವ ಬೇರೆಯದೇ ಬಗೆಯ ಅಧ್ಯಯನ ಬೇಕು.

ಎರಡನೆಯ ತೊಡಕು ಸರಾಸರಿಯದು. ಸೂಚ್ಯಂಕದ 1 ಎಂಬುದು ರಾಜ್ಯದ ಸರಾಸರಿಯಾದ್ದರಿಂದ ಕರ್ನಾಟಕ ಎಷ್ಟೇ ಮುಂದುವರಿದರೂ ಕೆಲವು ತಾಲ್ಲೂಕುಗಳು ಅದರ ಕೆಳಗೇ ಇರುತ್ತವೆ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯಿಂದಲೇ ಬರುತ್ತದೆ. ಬೆಂಗಳೂರು ಓಡಿದಷ್ಟೂ ಸರಾಸರಿ ಏರುತ್ತದೆ. ನಿಜವಾಗಿ ಸುಧಾರಿಸಿದ ತಾಲ್ಲೂಕೂ ಕಾಗದದಲ್ಲಿ ಇದ್ದಲ್ಲೇ ಇರಬಹುದು. ಸೂಚಕಗಳಿಗೂ ವಯಸ್ಸಾಗುತ್ತದೆ. 35ರಲ್ಲಿ ಅಂಚೆ ಕಚೇರಿ, ದೂರವಾಣಿ ಸಂಪರ್ಕಗಳ ಸಂಖ್ಯೆಯೂ ಇದ್ದವು. ಅಂದು ಅವು ಒಳ್ಳೆಯ ಗುರುತುಗಳೇ. ಇಂದು ದೂರವಾಣಿಯ ತಂತಿ ಎಣಿಸಿ ಯಾವ ಊರನ್ನೂ ಅಳೆಯಲಾಗದು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ: ಖರ್ಚು ಮಾಡಿದ ಹಣದಿಂದ ಏನಾದರೂ ಆಯಿತೇ? ಮೊದಲು ಸಾಕ್ಷರತೆ ಇಷ್ಟಿತ್ತು, ಈಗ ಇಷ್ಟಾಗಿದೆ, ಆದ್ದರಿಂದ ಯೋಜನೆ ಗೆದ್ದಿತು ಎಂದು ಇಲಾಖೆಯ ವರದಿಗಳು ಬರೆಯುವುದುಂಟು. ಈ ವಾದ ನಿಲ್ಲುವುದಿಲ್ಲ. ಅದೇ ವರ್ಷಗಳಲ್ಲಿ ವಿಶೇಷ ಹಣ ಸಿಗದ ತಾಲ್ಲೂಕುಗಳಲ್ಲೂ ಸಾಕ್ಷರತೆ ಏರಿದೆ. ಬಿಸಿಯೂಟ, ಉದ್ಯೋಗ ಖಾತರಿಯಂಥ ಯೋಜನೆಗಳು ಎಲ್ಲ ಕಡೆ ಇದ್ದವು. ಕೇಳಬೇಕಾದದ್ದು ಈ ಹಣ ಬಾರದಿದ್ದರೆ ಅದೇ ತಾಲ್ಲೂಕು ಹೇಗಿರುತ್ತಿತ್ತು ಎಂದು. ಅದನ್ನು ಯಾರೂ ಕಣ್ಣಾರೆ ನೋಡಲಾಗುವುದಿಲ್ಲ, ಆದರೆ ಅಂದಾಜು ಮಾಡುವ ದಾರಿಗಳಿವೆ.

ಒಂದು ದಾರಿಯನ್ನು ಸಮಿತಿಯ ಪಟ್ಟಿಯೇ ತೆರೆದಿಟ್ಟಿದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಹಿಂದೆಲ್ಲ 34 ಬಂದವನು ಫೇಲಾಗುತ್ತಿದ್ದ, 35 ಬಂದವನು ಪಾಸಾಗುತ್ತಿದ್ದ; ಇಬ್ಬರ ಗಣಿತಜ್ಞಾನ ಮಾತ್ರ ಹೆಚ್ಚುಕಡಿಮೆ ಒಂದೇ. ಹಾಗೆಯೇ ಸೂಚ್ಯಂಕ 0.99 ಇದ್ದ ತಾಲ್ಲೂಕೂ 1.00 ಇದ್ದದ್ದೂ ಆರಂಭದಲ್ಲಿ ಬಹುತೇಕ ಒಂದೇ ಸ್ಥಿತಿಯಲ್ಲಿದ್ದವು. ಮೊದಲನೆಯದು ವಿಶೇಷ ಯೋಜನೆಯ ಒಳಗೆ ಬಂತು, ಎರಡನೆಯದು ಹೊರಗುಳಿಯಿತು. ಗೆರೆಯ ಆಚೀಚೆ ಇರುವ ಇಂಥ ತಾಲ್ಲೂಕುಗಳನ್ನು ಹತ್ತು ವರ್ಷದ ಮೇಲೆ ಹೋಲಿಸಿದರೆ ವ್ಯತ್ಯಾಸದ ದೊಡ್ಡ ಪಾಲನ್ನು ಯೋಜನೆಗೆ ಸಲ್ಲಿಸಬಹುದು. ವ್ಯತ್ಯಾಸವೇ ಕಾಣದಿದ್ದರೆ ಅದೂ ಒಂದು ಉತ್ತರ. ಇದಕ್ಕೆ ಎರಡು ಎಚ್ಚರಿಕೆಗಳು ಬೇಕು. ಗೆರೆಯ ಹತ್ತಿರದ ತಾಲ್ಲೂಕುಗಳಿಗೆ ಹೊಂದುವ ಉತ್ತರ ತೀರಾ ಕೆಳಗಿರುವ ದೇವದುರ್ಗಕ್ಕೂ ಹೊಂದಬೇಕೆಂದಿಲ್ಲ. ಜೊತೆಗೆ ಬಜೆಟ್‌ನಲ್ಲಿ ಮೀಸಲಿಟ್ಟ ಹಣ, ಬಿಡುಗಡೆಯಾದ ಹಣ, ನಿಜಕ್ಕೂ ಖರ್ಚಾದ ಹಣ ಮೂರೂ ಬೇರೆ ಬೇರೆ. ಖರ್ಚೇ ಆಗದ ಹಣದ ಪರಿಣಾಮವನ್ನು ಹುಡುಕುತ್ತ ಕೂತರೆ ಯೋಜನೆಯನ್ನು ವೃಥಾ ದೂರಿದಂತಾಗುತ್ತದೆ.

ಹೋಲಿಕೆ ಮಾಡಲು ಬೇಕಾದ ಅಂಕಿಗಳೇ ಈಗ ತೆಳುವಾಗಿವೆ. 2021ರಲ್ಲಿ ಆಗಬೇಕಿದ್ದ ಜನಗಣತಿ ನಡೆಯಲಿಲ್ಲ. ತಾಲ್ಲೂಕಿನ ಜನಸಂಖ್ಯೆಗೆ ಈಗಲೂ 2011ರ ಲೆಕ್ಕವೇ ಆಧಾರ. ಈ ನಡುವೆ ತಾಲ್ಲೂಕುಗಳ ಸಂಖ್ಯೆ 230 ದಾಟಿದೆ. ಸುರಪುರದಿಂದ ಹುಣಸಗಿ, ಶಹಾಪುರದಿಂದ ವಡಗೇರಾ ಬೇರೆಯಾಗಿವೆ. ಹಳೆಯ ಸುರಪುರದ ಅಂಕಿಯನ್ನು ಇಂದಿನ ಸುರಪುರದ ಅಂಕಿಗೆ ಹೋಲಿಸುವಂತಿಲ್ಲ. ಹಳ್ಳಿವಾರು ಮಾಹಿತಿ ಇಟ್ಟುಕೊಂಡು ಮತ್ತೆ ಕೂಡಿಸಬೇಕು.

ಅಂಕಿ ಸರಿ ಇದ್ದರೂ ತೀರ್ಮಾನ ಅದರಂತೆಯೇ ಆಗುತ್ತದೆಂಬ ಭರವಸೆ ಇಲ್ಲ. ರಾಯಚೂರಿಗೆ ಐಐಟಿ ಬೇಕೆಂದು ನಂಜುಂಡಪ್ಪ ವರದಿ ಹೇಳಿತ್ತು. 2016ರಲ್ಲಿ ಐಐಟಿ ಆರಂಭವಾದದ್ದು ಧಾರವಾಡದಲ್ಲಿ. ರಾಯಚೂರಿಗೆ 2019ರಲ್ಲಿ ಐಐಐಟಿ (ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಬಂತು. ಧಾರವಾಡದ ಪರವಾಗಿಯೂ ವಾದಗಳಿದ್ದವು, ನಿಜ. ಆದರೆ ಸೌಲಭ್ಯ ಇರುವಲ್ಲಿಗೇ ಸಂಸ್ಥೆ ಹೋಗುವುದಾದರೆ ಸೌಲಭ್ಯ ಇಲ್ಲದ ಊರಿನ ಸರದಿ ಎಂದೂ ಬರುವುದಿಲ್ಲ. ಹರಪನಹಳ್ಳಿಯ ಕಥೆ ಇನ್ನೂ ವಿಚಿತ್ರ. ಅದು ಅತ್ಯಂತ ಹಿಂದುಳಿದ 39ರಲ್ಲಿ ಒಂದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತ್ತು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯಡಿ ಶಿಕ್ಷಣ, ಉದ್ಯೋಗದ ವಿಶೇಷ ಸೌಲಭ್ಯ ಬಂದಾಗ, ಅದು ಜಿಲ್ಲೆಯ ಗಡಿ ನೋಡಿ ಬಂದದ್ದರಿಂದ ಹರಪನಹಳ್ಳಿ ಹೊರಗುಳಿಯಿತು. ಕೊನೆಗೆ ತಾಲ್ಲೂಕನ್ನೇ ಮತ್ತೆ ಬಳ್ಳಾರಿಗೆ ಸೇರಿಸಬೇಕಾಯಿತು. ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ. ತಾಲ್ಲೂಕಿನ ಮಟ್ಟದಲ್ಲಿ ಅಳೆದು ಜಿಲ್ಲೆಯ ಮಟ್ಟದಲ್ಲಿ ಹಂಚಿದರೆ ಹೀಗೆ ನಕಾಶೆಯನ್ನೇ ತಿದ್ದಬೇಕಾಗುತ್ತದೆ.

ಪ್ರಾದೇಶಿಕ ಅಸಮತೋಲನವನ್ನು ಮತ್ತೊಮ್ಮೆ ಅಳೆಯಲು ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚಿಸಿತು. ಹೊಸ ಪಟ್ಟಿ ಬಂದಾಗಲೆಲ್ಲ ಯಾವ ತಾಲ್ಲೂಕು ಎಷ್ಟನೆಯದು ಎಂಬುದರ ಸುತ್ತಲೇ ಸದ್ದೆಲ್ಲ ಏಳುತ್ತದೆ. ಹಿಂದುಳಿದ ಎಂಬ ಪಟ್ಟ ಅನುದಾನ ತರುವುದರಿಂದ ಅದನ್ನು ಬಿಟ್ಟುಕೊಡಲು ಯಾವ ಶಾಸಕರೂ ಮುಂದಾಗಲಾರರು. ಸ್ಥಾನಕ್ಕಿಂತ ಕಾರಣ ಹೆಚ್ಚು ಉಪಯೋಗಕ್ಕೆ ಬರುತ್ತದೆಂಬುದು ಈ ಲೇಖಕನ ಅನಿಸಿಕೆ. ಕೆಳಗಿನ ಹತ್ತಿಪ್ಪತ್ತು ತಾಲ್ಲೂಕುಗಳಲ್ಲಾದರೂ ಹಣ ಇಳಿಯುವ ಮೊದಲೇ ಗುಳೆ, ಶಾಲಾ ಹಾಜರಾತಿ, ದುಡಿಮೆಯ ದಿನಗಳ ಮನೆವಾರು ಲೆಕ್ಕ ಬರೆದಿಡಬೇಕು; ಮೂರು ವರ್ಷದ ಮೇಲೆ ಅವೇ ಮನೆಗಳಿಗೆ ಮತ್ತೆ ಹೋಗಬೇಕು. ಈ ಕೆಲಸಕ್ಕೆ ಕಲಬುರಗಿ, ರಾಯಚೂರಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಸಾಕು. ಖರ್ಚು ಒಂದು ಸಾಧಾರಣ ಸೇತುವೆಯಷ್ಟೂ ಆಗಲಾರದು. ಬರೆದಿಟ್ಟ ಅಂಕಿಗಳನ್ನು ತಾಲ್ಲೂಕು ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಿದರೆ ಊರಿನವರೇ ತಪ್ಪು ಎಲ್ಲಿದೆ ಎಂದು ತೋರಿಸಿಕೊಡುತ್ತಾರೆ.